ಜಾಲಪುಟದಲ್ಲಿ ಯಾವುದಕ್ಕೆ ಎಲ್ಲಿ ಜಾಗ?

ಪಂಜ ಎಲ್ಲಿದೆ ಎಂದು ಪುತ್ತೂರಿನಲ್ಲಿ ಯಾರನ್ನಾದರೂ ಕೇಳಿ. ‘ನಿಂತಿಕಲ್ಲು ಕಳೆದು ಮುಂದೆ ಹೋಗಿ, ಸುಬ್ರಹ್ಮಣ್ಯ ಸಿಗುವ ಮೊದಲೇ ಇದೆ’ ಎನ್ನುತ್ತಾರೆ. ಭೂಪಟ ಹಿಡಿದವರು ಅಕ್ಷಾಂಶ, ರೇಖಾಂಶ ಹೇಳುತ್ತಾರೆ. ಎರಡನೆಯದು ಹೆಚ್ಚು ಖಚಿತವೆನಿಸಿದರೂ ಅದೂ ಸಮಭಾಜಕ ವೃತ್ತ ಮತ್ತು ಗ್ರೀನಿಚ್‌ನಿಂದ ಅಳೆದದ್ದೇ. ಯಾವುದರಿಂದ ಅಳೆದೆವು ಎಂದು ಹೇಳದೆ ಸ್ಥಾನಕ್ಕೆ ಅರ್ಥವಿಲ್ಲವೆಂದು ನಾವು ಮೊದಲ ಪಿಯುಸಿಯಲ್ಲೇ ಕಲಿಸುತ್ತೇವೆ. ಜಾಲಪುಟ ರಚಿಸುವವರು ಇದೇ ಪಾಠವನ್ನು ಕಲಿತ ಬಗೆ ಸ್ವಾರಸ್ಯಕರ. ಕನ್ನಡಿಗರಿಗಂತೂ ಅದರಲ್ಲಿ ಒಂದು ಹೆಚ್ಚಿನ ತೊಡಕೂ ಇದೆ.

ಪುಟದ ಮೇಲೆ ಯಾವುದನ್ನು ಎಲ್ಲಿಡಬೇಕೆಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹಳೆಯದು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಇಡೀ ಪುಟ ಕೈಬರಹ; ಒತ್ತಕ್ಷರ ಕೆಳಗಿಳಿದರೆ ಬರೆಯುವವನೇ ಮುಂದಿನ ಸಾಲನ್ನು ತುಸು ತಗ್ಗಿಸಬಹುದು. ಅಚ್ಚುಮೊಳೆಗಳಿಗೆ ಆ ಸ್ವಾತಂತ್ರ್ಯವಿಲ್ಲ. ಅವು ಸಾಲುಹಿಡಿದೇ ಕೂರಬೇಕು. ಜಾಲಪುಟದ ಚರಿತ್ರೆ ಮೊಳೆಯ ಸಾಲಿನಿಂದ ಆರಂಭವಾಗಿ ಕಲ್ಲಚ್ಚಿನ ಸ್ವಾತಂತ್ರ್ಯವನ್ನು ಬಯಸಿದ ಕಥೆ.

ಜಾಲ ಹುಟ್ಟಿದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ (ಭೌತವಿಜ್ಞಾನದವರಾದ ನಮಗೆ ಈ ಬಗ್ಗೆ ಕೊಂಚ ಹೆಮ್ಮೆ). ಮೊದಲ ಪುಟಗಳಲ್ಲಿ ಶೀರ್ಷಿಕೆ, ಪರಿಚ್ಛೇದ, ಕೊಂಡಿ ಇವಿಷ್ಟೇ. ಎಲ್ಲವೂ ಮೇಲಿನಿಂದ ಕೆಳಕ್ಕೆ ಹರಿದು ಬರುತ್ತಿದ್ದವು. ಎರಡು ಅಂಕಣ ಬೇಕಾದವರು ಅಂಕಿ-ಅಂಶಗಳಿಗೆಂದು ಮಾಡಿದ ಕೋಷ್ಟಕದೊಳಗೆ ಬರಹವನ್ನು ತುರುಕಿದರು. ಜಾಗ ಬಿಡಿಸಲು ಕಣ್ಣಿಗೆ ಕಾಣದ, ಒಂದೇ ಚುಕ್ಕಿಯ ಚಿತ್ರವನ್ನು ಎಳೆದು ಹಿಗ್ಗಿಸಿದರು! 1994ರ ಅಕ್ಟೋಬರ್ 10ರಂದು, ಸರ್ನ್‌ನಲ್ಲೇ ಇದ್ದ ಹೋಕನ್ ವಿಯುಮ್ ಲೀ, ರೂಪವನ್ನು ವಿಷಯದಿಂದ ಬೇರ್ಪಡಿಸುವ ಶೈಲಿಹಾಳೆಯ ಪ್ರಸ್ತಾವ ಮುಂದಿಟ್ಟರು. ಬರ್ಟ್ ಬೋಸ್ ಜೊತೆಗೂಡಿದರು. ಅದೇ ಸಿಎಸ್ಎಸ್. ಅದರ ಮೊದಲ ಆವೃತ್ತಿ ಶಿಫಾರಸಾದದ್ದು 1996ರ ಡಿಸೆಂಬರ್ 17ರಂದು. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಆರಂಭಿಸಿದ್ದೂ 1996ರಲ್ಲೇ.

ಮೊದಲ ಆವೃತ್ತಿಯಲ್ಲಿ ಬಣ್ಣ, ಅಂಚು, ಅಕ್ಷರದ ಗಾತ್ರ ಇದ್ದವು. ‘ಇದನ್ನು ಇಲ್ಲಿಡು’ ಎನ್ನುವ ಆಜ್ಞೆ ಇರಲಿಲ್ಲ. ಅದು ಬಂದದ್ದು 1998ರ ಮೇ 12ರ ಎರಡನೆಯ ಆವೃತ್ತಿಯಲ್ಲಿ. ಆಜ್ಞೆಯ ಹೆಸರು ‘ಪೊಸಿಷನ್’, ಅದಕ್ಕೆ ನಾಲ್ಕು ಬೆಲೆಗಳು. ‘ಸ್ಟ್ಯಾಟಿಕ್’ ಎಂದರೆ ಹರಿವಿನಲ್ಲಿ ಬಂದಲ್ಲೇ ಇರು ಎಂದರ್ಥ. ‘ರಿಲೇಟಿವ್’ ಎಂದರೆ ತನ್ನ ಸಹಜ ಸ್ಥಾನದಿಂದ ಇಷ್ಟು ಸರಿ. ಬಿಟ್ಟುಬಂದ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ‘ಆಬ್ಸೊಲ್ಯೂಟ್’ ಎಂದರೆ ಹರಿವಿನಿಂದ ಹೊರಬಂದು ಹೇಳಿದಲ್ಲಿ ನಿಲ್ಲು. ಅದರ ಜಾಗವನ್ನು ಉಳಿದವು ತುಂಬಿಕೊಳ್ಳುತ್ತವೆ. ‘ಫಿಕ್ಸೆಡ್’ ಅನ್ನು ಪಂಜದ ಬಸ್ಸಿನ ಕಿಟಕಿಗಾಜಿಗೆ ಅಂಟಿಸಿದ ಚೀಟಿ ಎಂದುಕೊಳ್ಳಿ. ಹೊರಗೆ ತೋಟ, ಗುಡ್ಡ ಸರಿಯುತ್ತವೆ, ಚೀಟಿ ಸರಿಯದು.

ಇವುಗಳಲ್ಲಿ ‘ಆಬ್ಸೊಲ್ಯೂಟ್’ ಎಂಬ ಹೆಸರು ದಾರಿ ತಪ್ಪಿಸುವಂಥದ್ದು. ನಿರಪೇಕ್ಷ ಸ್ಥಾನವೆಂಬುದು ಇಲ್ಲಿಯೂ ಇಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇರುವ ಪುಟದಲ್ಲಿ, ಸ್ಟ್ಯಾಟಿಕ್ ಅಲ್ಲದ ಅತ್ಯಂತ ಹತ್ತಿರದ ಹೊರಪೆಟ್ಟಿಗೆಯೇ ಇದರ ಉಲ್ಲೇಖ ಚೌಕಟ್ಟು. ಅಂಥದ್ದು ಇಲ್ಲದಿದ್ದರೆ ಮಾತ್ರ ಇಡೀ ಪುಟ. ಹೊರಪೆಟ್ಟಿಗೆಗೆ ‘ರಿಲೇಟಿವ್’ ಎಂದು ಬರೆದರೆ ಸಾಕು, ಅದು ಕದಲದಿದ್ದರೂ ಒಳಗಿನದರ ಮೂಲಬಿಂದು ಬದಲಾಗುತ್ತದೆ. ಇನ್ನೊಂದು ಮಾತು: ನಮ್ಮ ಗ್ರಾಫ್ ಹಾಳೆಯಂತಲ್ಲ, ‘ಟಾಪ್’ ಎಂದು ಕೊಟ್ಟ ದೂರ ಇಲ್ಲಿ ಕೆಳಮುಖವಾಗಿ ಧನ.

ಇನ್ನು ಕನ್ನಡದ ತೊಡಕು. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ನೋಡಿ. ಇಂಗ್ಲಿಷಿನ ಒಂದು ಸಾಲಿಗಿಂತ ಇದಕ್ಕೆ ಹೆಚ್ಚು ಎತ್ತರ ಬೇಕು. ಒತ್ತಕ್ಷರ ಎಲ್ಲಿ ಕೂರಬೇಕೆಂದು ಫಾಂಟ್ ನೋಡಿಕೊಳ್ಳುತ್ತದೆ, ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಸಿಎಸ್ಎಸ್. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದಾಗ ಮೊದಲ ಕೆಲಸ ಬಹುಮಟ್ಟಿಗೆ ಹಗುರಾಯಿತು. ಎರಡನೆಯದನ್ನು ನಾವೇ ಕೆಡಿಸಿಕೊಂಡೆವು. ಇಂಗ್ಲಿಷ್ ಪುಟದ ಮಾದರಿ ತಂದು, ಪೆಟ್ಟಿಗೆಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ನೆಟ್ಟು, ಒಳಗೆ ಕನ್ನಡ ತುಂಬಿದರೆ ಏನಾದೀತು? ಪೆಟ್ಟಿಗೆ ಬೆಳೆಯದು, ಬರಹ ಹೊರಚೆಲ್ಲಿ ಕೆಳಗಿನ ಪೆಟ್ಟಿಗೆಯ ಮೇಲೇರುತ್ತದೆ. ಹೊರಚೆಲ್ಲಿದ್ದನ್ನು ಮರೆಮಾಡೆಂದು ಹೇಳಿದ್ದರೆ ಒತ್ತಕ್ಷರವೇ ಕತ್ತರಿಸಿಹೋಗುತ್ತದೆ. ‘ಪತ್ತೆ’ ಎಂಬುದು ‘ಪತೆ’ ಆದೀತು. ಪರೀಕ್ಷೆಯ ಸೂಚನೆಯಲ್ಲಿ ಇದು ಚೆಲುವಿನ ಪ್ರಶ್ನೆಯಲ್ಲ.

ಕಣ್ಣು ಮಂದವಾದವರು ಅಕ್ಷರವನ್ನು ಹಿಗ್ಗಿಸಿದಾಗಲೂ ಇದೇ ಗತಿ. ಪುಟದ ರೂಪವನ್ನು ಬರೆದವರು ನಿರ್ಧರಿಸಬೇಕೆ, ಓದುವವರೆ? ಲೀ ಅವರ ಪ್ರಸ್ತಾವದಲ್ಲೇ ಇಬ್ಬರಿಗೂ ಪಾಲಿತ್ತು. ‘ಇದು ಮುಖ್ಯ’ ಎಂದು ಗುರುತು ಹಾಕಿದ ನಿಯಮಗಳಲ್ಲಿ ಘರ್ಷಣೆ ಬಂದರೆ, ಮೊದಲ ಆವೃತ್ತಿಯಲ್ಲಿ ಬರೆದವರ ಮಾತು ಗೆಲ್ಲುತ್ತಿತ್ತು. ಎರಡನೆಯದರಲ್ಲಿ ಓದುವವರದು ಗೆಲ್ಲುವಂತೆ ತಿದ್ದಿದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ತಿದ್ದುಪಡಿ ಇದೇ.

ಅಂಕಣಗಳ ಸಮಸ್ಯೆಗೆ ನೇರ ಉತ್ತರ ಬಂದದ್ದು ತಡವಾಗಿ. 2017ರಲ್ಲಿ ಪ್ರಮುಖ ಬ್ರೌಸರುಗಳು ‘ಗ್ರಿಡ್’ ವಿಧಾನವನ್ನು ಅಳವಡಿಸಿಕೊಂಡವು. ಅಡಿಕೆ ತೋಟ ಮಾಡುವವರು ಮೊದಲು ಹಗ್ಗ ಹಿಡಿದು 9 ಅಡಿಗೊಂದು ಗುರುತು ಹಾಕಿ, ಆಮೇಲೆ ಸಸಿ ನೆಡುತ್ತಾರಲ್ಲ, ಹಾಗೆಯೇ ಇದು. ತೋಟದ ಸಾಲು ಕದಲದು. ಗ್ರಿಡ್‌ನ ಅಡ್ಡಸಾಲಾದರೋ, ನಾವು ಎತ್ತರ ಕಟ್ಟಿಹಾಕದಿದ್ದರೆ, ಒಳಗಿನ ಬರಹಕ್ಕೆ ತಕ್ಕಂತೆ ಬೆಳೆಯುತ್ತದೆ. ನಿಮ್ಮ ಶಾಲೆಯ ಜಾಲಪುಟವಿದ್ದರೆ ತೆರೆದು, ಅಕ್ಷರವನ್ನಷ್ಟೇ ಎರಡು ಪಟ್ಟು ಹಿಗ್ಗಿಸಿ, ಯಾವ ಪೆಟ್ಟಿಗೆ ಯಾವುದರ ಮೇಲೇರಿತೆಂದು ವಿದ್ಯಾರ್ಥಿಗಳಿಂದಲೇ ಗುರುತು ಹಾಕಿಸಿ.