ಫೂಲಿ ಕೂಲಿ

ಫೂಲಿ ಕೂಲಿ (ಜಪಾನೀ ಉಚ್ಚಾರಣೆಯಲ್ಲಿ ಫುರಿ ಕುರಿ, ಸಂಕ್ಷಿಪ್ತವಾಗಿ ಎಫ್‌ಎಲ್‌ಸಿಎಲ್) ಆರು ಕಂತುಗಳ ಒಂದು ಜಪಾನೀ ಅನಿಮೇಷನ್ ಸರಣಿ. ಇದು 2000ನೆಯ ಇಸವಿಯ ಏಪ್ರಿಲ್ 26ರಿಂದ 2001ರ ಮಾರ್ಚ್ 16ರವರೆಗೆ ಕಂತುಕಂತಾಗಿ ವಿಡಿಯೊ ರೂಪದಲ್ಲಿ ಬಿಡುಗಡೆಯಾಯಿತು. ಇದರ ನಿರ್ದೇಶಕ ಕಜುಯಾ ತ್ಸುರುಮಾಕಿ. ಚಿತ್ರಕಥೆ ಯೋಜಿ ಎನೊಕಿದೊ ಅವರದು, ಪಾತ್ರವಿನ್ಯಾಸ ಯೋಶಿಯುಕಿ ಸದಾಮೊಟೊ ಅವರದು. ಗೈನ್ಯಾಕ್ಸ್ ಮತ್ತು ಪ್ರೊಡಕ್ಷನ್ ಐ.ಜಿ. ಸಂಸ್ಥೆಗಳು ಇದನ್ನು ತಯಾರಿಸಿದವು. ಎಲ್ಲ ಕಂತುಗಳೂ ಸೇರಿ ಸುಮಾರು ಎರಡೂವರೆ ಗಂಟೆಯ ಅವಧಿಯ ಈ ಸರಣಿ ಗೊಂದಲಮಯವಾದ ನಿರೂಪಣೆಗೆ ಹೆಸರಾಗಿದೆ. ಬಾಲ್ಯವನ್ನು ದಾಟುತ್ತಿರುವ ಹುಡುಗನೊಬ್ಬನ ಮನಸ್ಸಿನ ಗೊಂದಲವೇ ಈ ನಿರೂಪಣೆಯ ಮೂಲ.

ಹೆಸರು ಮತ್ತು ಹಿನ್ನೆಲೆ

ಸರಣಿಯ ಹೆಸರಿಗೆ ಖಚಿತವಾದ ಅರ್ಥವಿಲ್ಲ. ಆ ಮಾತಿನ ಅರ್ಥವೇನೆಂದು ಮೊದಲ ಕಂತಿನಲ್ಲಿ ಪಾತ್ರಗಳೇ ಚರ್ಚಿಸುತ್ತವೆ; ಉತ್ತರ ಮಾತ್ರ ದೊರೆಯುವುದಿಲ್ಲ. ತ್ಸುರುಮಾಕಿ ಅವರು ಇದಕ್ಕೆ ಮೊದಲು ಗೈನ್ಯಾಕ್ಸ್‌ನ ಪ್ರಸಿದ್ಧ ಸರಣಿ ನಿಯಾನ್ ಜೆನೆಸಿಸ್ ಇವಾಂಗೆಲಿಯನ್‌ನಲ್ಲಿ (1995–96) ಸಹಾಯಕ ನಿರ್ದೇಶಕರಾಗಿ ದುಡಿದಿದ್ದರು. ಅದು ಗಂಭೀರವೂ ವಿಷಾದಪೂರ್ಣವೂ ಆದ ಕೃತಿ. ಹದಿಹರೆಯದ ಮನಸ್ಸಿನ ಸಂಕಟವನ್ನೇ ಫೂಲಿ ಕೂಲಿ ಹಾಸ್ಯ ಮತ್ತು ಅದ್ಭುತ ರಸಗಳ ಮೂಲಕ ಚಿತ್ರಿಸುತ್ತದೆ.

ಕಥಾವಸ್ತು

ಕಥಾನಾಯಕ ನವೋತಾ ನಂದಾಬಾ ಹನ್ನೆರಡು ವರ್ಷದ ಶಾಲಾ ಬಾಲಕ. ತಂದೆ ಮತ್ತು ತಾತನೊಡನೆ ಮಾಬಾಸೆ ಎಂಬ ಕಲ್ಪಿತ ಪಟ್ಟಣದಲ್ಲಿ ವಾಸಿಸುತ್ತಾನೆ. ಅಣ್ಣ ಬೇಸ್‌ಬಾಲ್ ಆಟಕ್ಕಾಗಿ ಅಮೆರಿಕಕ್ಕೆ ಹೋಗಿದ್ದಾನೆ. ಅಣ್ಣ ಬಿಟ್ಟುಹೋದ ದಾಂಡು, ಅಣ್ಣನ ಹಾಸಿಗೆ, ಅಣ್ಣನ ಗೆಳತಿಯಾಗಿದ್ದ ಮಾಮಿಮಿಯ ಒಡನಾಟ ಇವುಗಳ ನಡುವೆ ನವೋತಾ ದೊಡ್ಡವನಂತೆ ನಟಿಸುತ್ತಾ ಬದುಕುತ್ತಾನೆ. ತಮ್ಮ ಊರಿನಲ್ಲಿ ವಿಶೇಷವಾದುದೇನೂ ನಡೆಯುವುದಿಲ್ಲ ಎಂಬುದು ಅವನ ದೃಢವಾದ ನಂಬಿಕೆ.

ಒಂದು ದಿನ ಹರುಕೊ ಎಂಬ ಅಪರಿಚಿತ ಯುವತಿ ಹಳದಿ ಬಣ್ಣದ ವೆಸ್ಪಾ ಸ್ಕೂಟರಿನಲ್ಲಿ ಬಂದು ಅವನಿಗೆ ಡಿಕ್ಕಿ ಹೊಡೆಯುತ್ತಾಳೆ. ಬಳಿಕ ಗಿಟಾರಿನಿಂದ ಅವನ ತಲೆಗೆ ಬಾರಿಸುತ್ತಾಳೆ. ಅವನ ಹಣೆಯ ಮೇಲೆ ಕೊಂಬೊಂದು ಬೆಳೆಯುತ್ತದೆ. ನವೋತಾ ಅದನ್ನು ಪಟ್ಟಿಯಿಂದ ಮುಚ್ಚಿಕೊಂಡು ತಿರುಗುತ್ತಾನೆ. ಕೊನೆಗೆ ಅಲ್ಲಿಂದ ಯಂತ್ರಮಾನವರು ಹೊರಬರುತ್ತಾರೆ. ಅವರಲ್ಲಿ ಒಬ್ಬನಾದ ಕಾಂಟಿ ಅದೇ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಹರುಕೊ ಕೂಡ ಮನೆಗೆಲಸದವಳಾಗಿ ಅಲ್ಲಿಯೇ ಸೇರಿಕೊಳ್ಳುತ್ತಾಳೆ. ಅವಳು ಭೂಮಿಗೆ ಬಂದಿರುವುದು ಅಟೊಮ್ಸ್ಕ್ ಎಂಬ ಮಹಾಶಕ್ತಿಯನ್ನು ಹುಡುಕಿಕೊಂಡು. ಊರಿನ ನೆತ್ತಿಯ ಮೇಲೆ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯ ಆಕಾರದ ಬೃಹತ್ ಕಾರ್ಖಾನೆಯೊಂದು ನಿಂತಿದೆ. ಮನುಷ್ಯರ ಮಿದುಳಿನ ಸುಕ್ಕುಗಳನ್ನು ಇಸ್ತ್ರಿ ಮಾಡಿ, ಆಲೋಚನೆಯನ್ನೇ ಇಲ್ಲವಾಗಿಸುವುದು ಅದರ ಉದ್ದೇಶವೆಂದು ಮುಂದೆ ತಿಳಿದುಬರುತ್ತದೆ.

ಗೊಂದಲದ ಅರ್ಥ

ಸರಣಿಯು ಏನನ್ನೂ ನಿಧಾನವಾಗಿ ವಿವರಿಸುವುದಿಲ್ಲ. ಮೊದಲ ಕಂತಿನಲ್ಲಿ ಮನೆಮಂದಿಯ ಮಾತುಕತೆ ಇದ್ದಕ್ಕಿದ್ದಂತೆ ಮಾಂಗಾ ಪುಸ್ತಕದ ಕಪ್ಪು ಬಿಳುಪು ಪುಟಗಳಾಗಿ ಮಾರ್ಪಡುತ್ತದೆ. ಐದನೆಯ ಕಂತಿನಲ್ಲಿ ಕೆಲವು ಕ್ಷಣ ಅಮೆರಿಕದ ಸೌತ್ ಪಾರ್ಕ್ ಸರಣಿಯ ಚಿತ್ರಶೈಲಿಯ ಅಣಕವಿದೆ. ಮೊದಲ ಬಾರಿಗೆ ನೋಡುವವರಿಗೆ ಇದೆಲ್ಲ ಅಸಂಬದ್ಧವೆನಿಸುವುದು ಸಹಜ.

ಆದರೆ ಪ್ರತಿಯೊಂದು ಅಸಂಬದ್ಧತೆಯೂ ಒಂದು ಭಾವಕ್ಕೆ ಹೊಂದಿಕೊಂಡಿದೆ. ಹಣೆಯ ಕೊಂಬು, ಹನ್ನೆರಡರ ಹುಡುಗನು ಮುಚ್ಚಿಡಬಯಸುವ ದೇಹದ ಬದಲಾವಣೆ. ಮೂರನೆಯ ಕಂತಿನಲ್ಲಿ ಸಹಪಾಠಿ ನಿನಾಮೊರಿ ಶಾಲೆಯ ನಾಟಕದ ಪಾತ್ರಗಳಿಗಾಗಿ ನಡೆದ ಮತದಾನದಲ್ಲಿಯೇ ಮೋಸ ಮಾಡುತ್ತಾಳೆ. ಹೊರನೋಟಕ್ಕೆ ಇದು ಹಾಸ್ಯಪ್ರಸಂಗ. ತಂದೆತಾಯಿಯರ ಕಲಹದಿಂದ ನೊಂದರೂ ಏನೂ ಆಗಿಲ್ಲವೆಂಬಂತೆ ನಟಿಸುವ ಮಗುವಿನ ಕಥೆ ಅದರ ಒಳಗಿದೆ. ನಾಲ್ಕನೆಯ ಕಂತಿನಲ್ಲಿ ನವೋತಾ ಅಣ್ಣನ ದಾಂಡನ್ನು ಹಿಡಿದು ನಿಲ್ಲುತ್ತಾನೆ, ಆದರೆ ಚೆಂಡಿಗೆ ಬೀಸುವುದಿಲ್ಲ. ಬೀಸಿದರೆ ತಪ್ಪಬಹುದೆಂಬ ಭಯ ಅವನದು. ಆಕಾಶದಿಂದ ಊರಿನ ಮೇಲೆ ವಿಪತ್ತು ಬೀಳುವಾಗ ಅವನು ಗಿಟಾರನ್ನೇ ದಾಂಡಿನಂತೆ ಹಿಡಿದು ಬೀಸಬೇಕಾಗುತ್ತದೆ.

ಕೊನೆಯ ಕಂತಿನಲ್ಲಿ ನವೋತಾ ಅಟೊಮ್ಸ್ಕ್‌ನ ಶಕ್ತಿಯನ್ನು ಪಡೆದರೂ ಅದನ್ನು ಬಳಸಿ ಹರುಕೊಳನ್ನು ಗೆಲ್ಲುವುದಿಲ್ಲ. ಅವಳನ್ನು ಪ್ರೀತಿಸುವೆನೆಂದು ಹೇಳುತ್ತಾನೆ. ಅವನಿನ್ನೂ ಚಿಕ್ಕವನೆಂದು ಹೇಳಿ ಅವಳು ಹೊರಟುಹೋಗುತ್ತಾಳೆ. ನವೋತಾ ಮುಂದಿನ ಶಾಲೆಗೆ ಸೇರುತ್ತಾನೆ. ಹರುಕೊಳ ಗಿಟಾರು ಅವನ ಕೋಣೆಯಲ್ಲಿ ಉಳಿಯುತ್ತದೆ. ದೊಡ್ಡವನಂತೆ ನಟಿಸುವುದನ್ನು ಬಿಟ್ಟಾಗಲೇ ಬೆಳವಣಿಗೆ ಆರಂಭವಾಗುತ್ತದೆ ಎಂಬುದು ಇದರಿಂದ ಹೊರಡುವ ಆಶಯ. ಅವಧಿ ಚಿಕ್ಕದಾದ್ದರಿಂದ ಮರಳಿ ನೋಡುವುದು ಸುಲಭ. ಮರಳಿ ನೋಡಿದಾಗ ಆರಂಭದ ಗದ್ದಲದಲ್ಲಿಯೇ ಈ ಮುಕ್ತಾಯದ ಸೂಚನೆಗಳು ಕಾಣಿಸುತ್ತವೆ.

ಸಂಗೀತ

ಸರಣಿಯ ಹಾಡುಗಳು ದಿ ಪಿಲ್ಲೋಸ್ ಎಂಬ ಜಪಾನೀ ರಾಕ್ ವಾದ್ಯವೃಂದದವು. ರೈಡ್ ಆನ್ ಶೂಟಿಂಗ್ ಸ್ಟಾರ್ ಕಂತುಗಳ ಮುಕ್ತಾಯಗೀತೆ. ಹೋರಾಟದ ದೃಶ್ಯಗಳಲ್ಲಿ ಮಾತಿಗಿಂತ ಹಾಡೇ ಮುಂದೆ ನಿಂತು ಕಥೆಯನ್ನು ನಡೆಸುತ್ತದೆ.

ಕನ್ನಡ ಪ್ರಹಸನದೊಡನೆ ಹೋಲಿಕೆ

ಕಿರಿದಾದ ಅವಧಿ, ವೇಗವಾದ ಮಾತು, ಗದ್ದಲದ ಒಳಗೆ ಅಡಗಿದ ನೋವು ಇವು ಕನ್ನಡ ಪ್ರೇಕ್ಷಕರಿಗೆ ಅಪರಿಚಿತವಲ್ಲ. ಟಿ. ಪಿ. ಕೈಲಾಸಂ (1884–1946) ಇಂಗ್ಲಿಷ್ ಬೆರೆತ ಮನೆಮಾತಿನಲ್ಲಿ ಪ್ರಹಸನಗಳನ್ನು ರಚಿಸಿ ಮಧ್ಯಮವರ್ಗದ ಬದುಕನ್ನು ರಂಗಕ್ಕೆ ತಂದರು. ಅವರ ಟೊಳ್ಳುಗಟ್ಟಿ ನಾಟಕದಲ್ಲಿಯೂ ಇಬ್ಬರು ಸಹೋದರರಿದ್ದಾರೆ: ಒಬ್ಬನು ಪರೀಕ್ಷೆಯಲ್ಲಿ ಮುಂದು, ಇನ್ನೊಬ್ಬನು ಕಷ್ಟಕಾಲದಲ್ಲಿ ಮನೆಗೆ ಆಸರೆ. ಮನೆಯವರ ಮೆಚ್ಚುಗೆಗೆ ಪಾತ್ರನಾದವನ ನೆರಳಿನಲ್ಲಿ ಬೆಳೆಯುವವನ ನಿಜವಾದ ಬೆಲೆ ಏನು ಎಂಬ ಪ್ರಶ್ನೆ ಎರಡೂ ಕೃತಿಗಳಿಗೆ ಸಮಾನ. ಆದರೆ ಕೈಲಾಸಂ ಅವರಲ್ಲಿ ಮಾತೇ ಪ್ರಧಾನ. ತ್ಸುರುಮಾಕಿ ಅವರಲ್ಲಿ ಚಿತ್ರ ಮತ್ತು ಸಂಗೀತ ಪ್ರಧಾನ.

ಪ್ರಸಾರ ಮತ್ತು ಉತ್ತರಭಾಗಗಳು

2003ರ ಆಗಸ್ಟ್‌ನಲ್ಲಿ ಅಮೆರಿಕದ ಅಡಲ್ಟ್ ಸ್ವಿಮ್ ವಾಹಿನಿಯು ಇಂಗ್ಲಿಷ್ ಧ್ವನಿಯೊಂದಿಗೆ ಸರಣಿಯನ್ನು ಪ್ರಸಾರ ಮಾಡಿದ ಬಳಿಕ ಜಪಾನಿನ ಹೊರಗೆ ಇದಕ್ಕೆ ದೊಡ್ಡ ಅಭಿಮಾನಿ ಬಳಗ ಬೆಳೆಯಿತು. 2018ರಲ್ಲಿ ಪ್ರೊಗ್ರೆಸಿವ್ ಮತ್ತು ಆಲ್ಟರ್ನೇಟಿವ್ ಎಂಬ ಆರಾರು ಕಂತುಗಳ ಎರಡು ಉತ್ತರಭಾಗಗಳೂ, 2023ರಲ್ಲಿ ಗ್ರಂಜ್ ಮತ್ತು ಶೂಗೇಜ್ ಎಂಬ ಮೂರು ಮೂರು ಕಂತುಗಳ ಇನ್ನೆರಡು ಸರಣಿಗಳೂ ಬಂದವು.