ಮಲೆನಾಡಿನ ಮೇಲೆ ಸಂಶೋಧನೆ: ದುಡ್ಡು ಯಾರದು, ಪ್ರಯಾಣ ಎಲ್ಲಿಗೆ

ಮೂಡಿಗೆರೆ ತಾಲ್ಲೂಕಿನ ಬಾಳೂರು ಸುತ್ತಿನ ತೋಟಗಳಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಬರವಿಲ್ಲ. ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದರೆ ನೆರಳು ಎಷ್ಟು ಬಿಡಬೇಕು? ಕಾಡುಮರದ ಜಾಗಕ್ಕೆ ಸಿಲ್ವರ್ ಓಕ್ ಬಂದರೆ ಒರತೆ ಉಳಿಯುತ್ತದೆಯೇ? ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುವುದು ಇನ್ನು ಮುಂದೆ ಮಾಮೂಲೇ? 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟಗಳು ಹೋದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ಮುಂದಿನ ಸಲ ಯಾವ ಗುಡ್ಡ? ಹೇಮಾವತಿ ಹುಟ್ಟುವ ಜಾವಳಿ ಇದೇ ಸೀಮೆಯಲ್ಲಿರುವುದರಿಂದ ಇಲ್ಲಿ ನೀರಿಗೇನಾದರೂ ಆದರೆ ಅದು ಕೆಳಗಿನ ಜಿಲ್ಲೆಗಳಿಗೂ ತಟ್ಟುತ್ತದೆ.

ಇಂಥ ಪ್ರಶ್ನೆಗಳನ್ನು ಹಿಡಿದು ಕೂರಲು ವರ್ಷಗಳು ಬೇಕು, ಜನ ಬೇಕು, ಹಣ ಬೇಕು. ಆ ಹಣ ಎಲ್ಲಿಂದ ಬರುತ್ತದೆ, ಹೇಗೆ ಖರ್ಚಾಗುತ್ತದೆ, ಕಂಡದ್ದನ್ನು ಹೇಳಲು ಸಂಶೋಧಕರು ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬುದರ ವಿವರ ಇಲ್ಲಿದೆ.

ಬಾಳೆಹೊನ್ನೂರಿನ ಹಳೆಯ ಲೆಕ್ಕ

ಈ ಗುಡ್ಡಗಳ ಮೇಲಿನ ಸಂಶೋಧನೆಗೆ ಮೊದಲು ದುಡ್ಡು ಹಾಕಿದ್ದು ಮೈಸೂರು ಸಂಸ್ಥಾನ. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಮಲೆನಾಡಿಗೆ ಅಪರಿಚಿತರಲ್ಲ. ಅಡಿಕೆಯ ಕೊಳೆರೋಗದ ಜಾಡು ಹಿಡಿದು, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬೆಳೆಗಾರರಿಗೆ ರೂಢಿ ಮಾಡಿಸಿದವರು ಅವರೇ. ಅವರ ಕಾಲದಲ್ಲಿ, 1915ರಲ್ಲಿ, ಕೊಪ್ಪದಲ್ಲಿ ಕಾಫಿ ಎಲೆರೋಗಗಳ ಅಧ್ಯಯನಕ್ಕೆಂದು ತಾತ್ಕಾಲಿಕ ಪ್ರಯೋಗಾಲಯ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ತಲೆ ಎತ್ತಿತು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. 2025ಕ್ಕೆ ಅದಕ್ಕೆ ನೂರು ತುಂಬಿತು.

ಅಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಡಬ್ಲ್ಯು. ಮೇನ್ 1930ರ ದಶಕದ ಆರಂಭದಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಎಲೆತುಕ್ಕಿನ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಬೇರೆಬೇರೆ ಪ್ರಭೇದಗಳಿವೆ. ಒಂದು ಪ್ರಭೇದಕ್ಕೆ ಜಗ್ಗದ ಗಿಡ ಇನ್ನೊಂದಕ್ಕೆ ಸೋಲಬಹುದು. ಕಾಫಿ ತಳಿ ಅಭಿವೃದ್ಧಿಯ ದಿಕ್ಕನ್ನು ಜಗತ್ತಿನಾದ್ಯಂತ ಬದಲಿಸಿದ ತಿಳಿವಳಿಕೆ ಇದು. 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ಎಸ್. 795 ತಳಿಯೂ ಇಲ್ಲಿಯದೇ, ಇವತ್ತಿಗೂ ಅರೇಬಿಕಾ ತೋಟಗಳಲ್ಲಿದೆ. 1942ರ ಕಾಫಿ ಕಾಯ್ದೆಯ ಬೆನ್ನಿಗೆ ಕೇಂದ್ರವು ಕಾಫಿ ಮಂಡಳಿಯ ಕೈಸೇರಿತು.

ಮುಂದೆ ಎಲೆತುಕ್ಕಿನ ಪ್ರಭೇದಗಳನ್ನು ಗುರುತಿಸುವ ಕೆಲಸಕ್ಕೆಂದೇ ಪೋರ್ಚುಗಲ್ಲಿನಲ್ಲಿ ಒಂದು ಅಂತರರಾಷ್ಟ್ರೀಯ ಕೇಂದ್ರ ಎದ್ದಿತು. ಅಲ್ಲಿಂದ ಬಂದ ಬೀಜಸಂಪತ್ತನ್ನು ಬಾಳೆಹೊನ್ನೂರಿನಲ್ಲಿ ವರ್ಷಗಟ್ಟಲೆ ಆರಿಸಿ 2007ರಲ್ಲಿ ಬಿಡುಗಡೆ ಮಾಡಿದ್ದೇ ಚಂದ್ರಗಿರಿ. ವಿಜ್ಞಾನಿಗಳು ಪರದೇಶಕ್ಕೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ನಾನು ಈ ಗಿಡವನ್ನೇ ತೋರಿಸುತ್ತೇನೆ. ತಿಳಿವಳಿಕೆ ಇಲ್ಲಿಂದ ಹೋಯಿತು, ಬೀಜ ಅಲ್ಲಿಂದ ಬಂತು.

ಇವತ್ತು ಹಣ ಕೇಳುವ ಕಡೆಗಳು

ಈಗ ಒಬ್ಬ ಯಜಮಾನನಿಲ್ಲ. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಏಲಕ್ಕಿ, ಕಾಳುಮೆಣಸಿನ ಕೆಲಸಕ್ಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಯೋಜನೆಗಳು ಆಸರೆ. ಪದವಿ ಕಾಲೇಜುಗಳು, ಪರಿಸರ ವಿಜ್ಞಾನ, ವನ್ಯಜೀವಿ ವಿಭಾಗಗಳು ಬರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ. 1987ರಲ್ಲಿ ಶುರುವಾದ ಅದರ ವ್ಯಾಪ್ತಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು. ಬಾಳೂರಿನ ಹುಡುಗಿ ಅಲ್ಲಿ ಪಿಎಚ್.ಡಿ.ಗೆ ಸೇರಿ ತನ್ನೂರಿನ ಹಳ್ಳದ ನೀರನ್ನೇ ಪರೀಕ್ಷಿಸಬೇಕೆಂದರೆ ನೂರು ಕಿಲೋಮೀಟರ್‌ಗೂ ಮೀರಿದ ದಾರಿ, ಅದೂ ಘಟ್ಟದ ತಿರುವುಗಳಲ್ಲಿ.

ಸಂಶೋಧನಾ ಯೋಜನೆಗೆ ಸರ್ಕಾರದ ದೊಡ್ಡ ಬಾಗಿಲು ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದ ಇದು ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಅಂದರೆ ಎಸ್‌ಇಆರ್‌ಬಿಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಬೊಕ್ಕಸದಿಂದಲ್ಲ, ಉದ್ದಿಮೆಗಳು ಮತ್ತು ದಾನಿಗಳಿಂದ ಬರಬೇಕು. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋಗುವ ಪಾಲು ಶೇ 0.64ರ ಆಸುಪಾಸಿನಲ್ಲೇ ನಿಂತಿರುವಾಗ ಈ ಲೆಕ್ಕ ಎಷ್ಟು ಕೈಗೂಡೀತು ಎಂದು ಕಾದು ನೋಡಬೇಕು. ಪ್ರತಿಷ್ಠಾನದ ‘ಪೇರ್’ ಎಂಬ ಕಾರ್ಯಕ್ರಮ ಮಾತ್ರ ರಾಜ್ಯ ವಿಶ್ವವಿದ್ಯಾಲಯಗಳಿಗೆ ಉಪಯೋಗಕ್ಕೆ ಬರುವಂಥದ್ದು. ದೊಡ್ಡ ಸಂಸ್ಥೆಯೊಂದನ್ನು ನಡುವೆ ಇಟ್ಟು, ಸುತ್ತಲಿನ ಚಿಕ್ಕವನ್ನು ಅದಕ್ಕೆ ಜೋಡಿಸುವುದು ಅದರ ರೀತಿ.

ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಇದೆ, ಕಾಲೇಜುಗಳ ಪ್ರಯೋಗಾಲಯಗಳಿಗೆ ಅದರ ಅನುದಾನ ಸಿಕ್ಕಿದೆ. ಕಾಡು, ಪ್ರಾಣಿ, ಹಕ್ಕಿಗಳ ಕೆಲಸಕ್ಕೆ ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಸಣ್ಣ ಅನುದಾನವನ್ನು ಪಶ್ಚಿಮಘಟ್ಟದ ಅನೇಕ ಯುವ ಸಂಶೋಧಕರು ನೆಚ್ಚಿಕೊಂಡಿದ್ದಾರೆ. 2007ರಿಂದ 2011ರವರೆಗೆ ನಡೆದ ಕೆಫ್‌ನೆಟ್ ಯೋಜನೆಗೆ ಐರೋಪ್ಯ ಒಕ್ಕೂಟದ ಹಣವಿತ್ತು. ಕಾಫಿ ತೋಟದ ನೆರಳು ನೀರಿಗೆ, ಜೇನಿಗೆ, ಮಾರುಕಟ್ಟೆಗೆ ಏನು ಕೊಡುತ್ತದೆ ಎಂದು ಅದು ಮಧ್ಯ ಅಮೆರಿಕ, ಪೂರ್ವ ಆಫ್ರಿಕ, ಭಾರತ ಮೂರೂ ಕಡೆ ನೋಡಿತು. ಭಾರತದ ಪಾಲು ಕೊಡಗಿಗೆ ಹೋಯಿತು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದ್ದದ್ದೂ ಅದಕ್ಕೊಂದು ಕಾರಣ. ಸಂಸ್ಥೆ ಇದ್ದ ಕಡೆಗೇ ಹಣ ಹರಿಯುತ್ತದೆ.

ಬಜೆಟ್ ಪುಟ

ಯಾವ ಅರ್ಜಿಯೇ ಆಗಲಿ, ಕೊನೆಯಲ್ಲಿ ಒಂದು ಬಜೆಟ್ ಪುಟ ಇರುತ್ತದೆ. ಉಪಕರಣ, ಸಿಬ್ಬಂದಿ, ಬಳಸಿ ಮುಗಿಯುವ ಸಾಮಗ್ರಿ, ಪ್ರಯಾಣ, ಸಾದಿಲ್ವಾರು, ಸಂಸ್ಥೆಯ ಮೇಲ್ವೆಚ್ಚ. ಪ್ರತಿ ತಲೆಬರಹದ ಎದುರು ಮೊದಲ ವರ್ಷ, ಎರಡನೆಯ ವರ್ಷ, ಮೂರನೆಯ ವರ್ಷ. ಒಂದು ತಲೆಬರಹದ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ಅನುಮತಿ ಬೇಕು. ವರ್ಷದ ಕೊನೆಗೆ ಹಣ ಬಳಕೆ ಪ್ರಮಾಣಪತ್ರ ಹೋಗಬೇಕು, ಅದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ.

ಮಲೆನಾಡಿನ ಕೆಲಸಕ್ಕೆ ಇಲ್ಲೇ ಒಂದು ತೊಡಕು. ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕಾಫಿಯ ವರ್ಷ ಶುರುವಾಗುವುದೇ ಆ ಸುಮಾರಿಗೆ: ಹೂಮಳೆ, ಹಿಂದೆಯೇ ಬ್ಯಾಕಿಂಗ್ ಮಳೆ, ಜೇನುಹುಳು, ಕಾಯಿ ಕಚ್ಚುವುದು ಎಲ್ಲ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಪರಾಗಸ್ಪರ್ಶ ಅಳೆಯುವ ವಿದ್ಯಾರ್ಥಿ ತೋಟದಲ್ಲಿರಬೇಕಾದ ವಾರಗಳಲ್ಲೇ ಕಚೇರಿಯ ಮುಂದೆ ಬಿಲ್ಲು ಹಿಡಿದು ನಿಂತಿರುತ್ತಾನೆ. ಹೂಮಳೆ ಯಾರ ಆರ್ಥಿಕ ವರ್ಷಕ್ಕೂ ಕಾಯುವುದಿಲ್ಲ, ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗಿ ಮುಗಿದೇ ಹೋಗುತ್ತದೆ.

ಯಾವ ಅನುದಾನವೂ ಇಲ್ಲದೆ ಇಲ್ಲಿ ಬೆಳೆದ ಒಂದು ಸಂಪತ್ತೂ ಇದೆ: ಮಳೆಯ ಪುಸ್ತಕ. ತೋಟದ ಮನೆಯ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ನೀರನ್ನು ಅಳತೆಯ ಗಾಜಿಗೆ ಸುರಿದು, ‘ಮೂರು ಇಂಚು ನಲವತ್ತು ಸೆಂಟ್’ ಎಂದು ಡೈರಿಯಲ್ಲಿ ಬರೆದಿಡುವುದು ರೂಢಿ. ಸಂಜೆ ಪೇಟೆಯಲ್ಲಿ ಸಿಕ್ಕವರೊಡನೆ ಮಾತು ಶುರುವಾಗುವುದೂ ಅದರಿಂದಲೇ. ಅಜ್ಜ ಬರೆದದ್ದು, ಅಪ್ಪ ಬರೆದದ್ದು ಗೆದ್ದಲು ತಿನ್ನದೆ ಉಳಿದಿದ್ದರೆ, ಒಂದೇ ಅಂಗಳದ ದಶಕಗಳ ದಾಖಲೆ ಸಿಗುತ್ತದೆ. ಎರಡು ಗುಡ್ಡ ದಾಟಿದರೆ ಮಳೆಯ ಲೆಕ್ಕವೇ ಬದಲಾಗುವ ಈ ಸೀಮೆಯಲ್ಲಿ, ತಾಲ್ಲೂಕಿಗೆ ಒಂದೆರಡು ಮಾಪಕಗಳ ಸರಾಸರಿಗಿಂತ ಇದು ಎಷ್ಟೋ ಮೇಲು. ಇವನ್ನು ಕೂಡಿಸಿ ಕಂಪ್ಯೂಟರಿಗೆ ಏರಿಸಲು ದುಬಾರಿ ಉಪಕರಣವೇನೂ ಬೇಡ. ಇಬ್ಬರು ವಿದ್ಯಾರ್ಥಿಗಳ ಸಂಬಳ, ಬಸ್ಸಿನ ಖರ್ಚು ಸಾಕು. ಹೊಸ ಉಪಕರಣದ ಹೆಸರಿಲ್ಲದ ಅರ್ಜಿ ಸಮಿತಿಯ ಕಣ್ಣಿಗೆ ಬಡವಾಗಿ ಕಾಣುತ್ತದೆ ಎಂಬುದು ನನ್ನ ಗುಮಾನಿ.

ಸಮ್ಮೇಳನದ ಟಿಕೆಟ್ಟು

ಪ್ರಯಾಣದ ಅನುದಾನದಲ್ಲಿ ಎದ್ದು ಕಾಣುವುದು ವಿದ್ಯಾರ್ಥಿ ವಿದ್ಯಾರ್ಥಿಗಳ ನಡುವಿನ ಅಂತರ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದರ ಜೊತೆಗಿನ ಸಾದಿಲ್ವಾರು ಮೊತ್ತ ವಿಜ್ಞಾನದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 12,000, ಆಮೇಲೆ 25,000. ಪುಸ್ತಕ, ರಾಸಾಯನಿಕ, ತೋಟದಿಂದ ತೋಟಕ್ಕೆ ಓಡಾಟ ಎಲ್ಲ ಅದರಲ್ಲೇ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ಇಂಥ ವೆಚ್ಚಗಳಿಗೆಂದೇ ವರ್ಷಕ್ಕೆ 2 ಲಕ್ಷ, ಸಮ್ಮೇಳನದ ಪ್ರಯಾಣವೂ ಅದರಲ್ಲಿ ಸೇರುತ್ತದೆ. ಒಂದೇ ಹಳ್ಳದ ನೀರು ಪರೀಕ್ಷಿಸುವ ಇಬ್ಬರಲ್ಲಿ ಒಬ್ಬರು ವಿದೇಶದ ವೇದಿಕೆಗೆ ಹೋಗಿಬರಬಹುದು, ಇನ್ನೊಬ್ಬರಿಗೆ ಮಂಗಳೂರೇ ದೂರ.

ಫೆಲೋಶಿಪ್ಪಿನ ಆಚೆಗೆ ಅನುಸಂಧಾನ ಪ್ರತಿಷ್ಠಾನದ ಅಂತರರಾಷ್ಟ್ರೀಯ ಪ್ರಯಾಣ ನೆರವು ಇದೆ, ಎಸ್‌ಇಆರ್‌ಬಿ ಕಾಲದಿಂದ ಬಂದದ್ದು. ಪ್ರಬಂಧ ಒಪ್ಪಿತವಾಗಿದೆ ಎಂಬ ಪತ್ರ ಕೈಯಲ್ಲಿರಬೇಕು. ಅತಿ ಹತ್ತಿರದ ಮಾರ್ಗದಲ್ಲಿ ಇಕಾನಮಿ ದರ್ಜೆಯ ವಿಮಾನ ದರ, ವೀಸಾ ಶುಲ್ಕ, ಯುವ ವಿಜ್ಞಾನಿಗಳಿಗೆ ನೋಂದಣಿ ಶುಲ್ಕ ಮುಖ್ಯವಾಗಿ ಅದರ ವ್ಯಾಪ್ತಿಗೆ ಬರುತ್ತವೆ. 2022ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಹೊರಡಿಸಿದ ಆದೇಶದಂತೆ ಸರ್ಕಾರಿ ಖರ್ಚಿನ ವಿಮಾನ ಟಿಕೆಟ್ಟನ್ನು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೇ ಕೊಳ್ಳಬೇಕು, ಆದಷ್ಟೂ 21 ದಿನ ಮೊದಲೇ. ಈ ಸಣ್ಣಪುಟ್ಟ ನಿಯಮಗಳನ್ನು ಮಾರ್ಗದರ್ಶಕರು ಮೊದಲೇ ಹೇಳಿಕೊಡುವುದು ವಾಸಿ. ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಟಿಕೆಟ್ಟು, ಕಳೆದುಹೋದ ಬೋರ್ಡಿಂಗ್ ಪಾಸ್ ಬಿಲ್ಲನ್ನು ತಿಂಗಳುಗಟ್ಟಲೆ ಕೂರಿಸುತ್ತವೆ. ಮೊದಲು ಕೈಯಿಂದ ಹಾಕಿ ಆಮೇಲೆ ವಸೂಲು ಮಾಡಿಕೊಳ್ಳುವ ಪದ್ಧತಿ ಇರುವಲ್ಲಿ, ಸಾಲ ಸಿಗುವ ಮನೆಯವರು ಮಾತ್ರ ಅರ್ಜಿ ಹಾಕುತ್ತಾರೆ. ಕೂಲಿ ಲೈನಿನಲ್ಲಿ ಬೆಳೆದ ಹುಡುಗನಿಗೆ ಆ ನೆರವು ಕಾಗದದ ಮೇಲಷ್ಟೇ ಇದೆ.

ಬೆಂಗಳೂರಿನಿಂದ ಯುರೋಪಿಗೆ ಹೋಗಿಬಂದರೆ ಒಬ್ಬರ ಲೆಕ್ಕಕ್ಕೆ ಒಂದು ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಸುಸ್ಥಿರತೆಯ ಸಮ್ಮೇಳನಗಳಲ್ಲಿ ಇದೊಂದು ಮುಜುಗರದ ವಿಷಯ. ಆದರೆ ಮುಜುಗರವನ್ನು ಮೊದಲು ಪಡಬೇಕಾದವರು ವರ್ಷಕ್ಕೆ ಹತ್ತು ಸಲ ಹಾರುವವರು, ಆಯುಷ್ಯದಲ್ಲಿ ಒಮ್ಮೆ ಹೋಗುವ ವಿದ್ಯಾರ್ಥಿಯಲ್ಲ.

ಹತ್ತಿರದ ವೇದಿಕೆಗಳು

ದೂರದ್ದೇ ಆಗಬೇಕೆಂದೇನೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಂಡ ಎರಡು ವರ್ಷಕ್ಕೊಮ್ಮೆ ನಡೆಸುವ ‘ಲೇಕ್’ ಸಮ್ಮೇಳನ 2016ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆಯಿತು. ವಿಷಯ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳು. ಚಾರ್ಮಾಡಿ ಇಳಿದರೆ ಸಿಗುವ ಊರು, ಬಸ್ಸಿನ ದುಡ್ಡು ಸಾಕು. ಶಾಲಾ ಮಕ್ಕಳಿಗೂ ಪ್ರಬಂಧ ಓದಲು ಬಿಡುವ ಸಮ್ಮೇಳನ ಇದು. ಬೆಂಗಳೂರಿನಲ್ಲಿ 2010ರಿಂದ ನಡೆಯುತ್ತಿರುವ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ ಆಯ್ದವರಿಗೆ ಪ್ರಯಾಣ, ವಸತಿಯ ನೆರವನ್ನೂ ಕೊಟ್ಟಿದೆ.

ಕಾಫಿಗೇ ಮೀಸಲಾದ ದೊಡ್ಡ ಸಭೆಗಳೂ ಬಾಗಿಲಿಗೆ ಬಂದಿವೆ. ಕಾಫಿ ವಿಜ್ಞಾನದ ಅಂತರರಾಷ್ಟ್ರೀಯ ಸಂಘದ 20ನೆಯ ಸಮ್ಮೇಳನ 2004ರಲ್ಲಿ ಬೆಂಗಳೂರಿನಲ್ಲಾಯಿತು. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ವಿಶ್ವ ಕಾಫಿ ಸಮ್ಮೇಳನ, ಏಷ್ಯಾದಲ್ಲಿ ಮೊದಲ ಬಾರಿಗೆ, ಬೆಂಗಳೂರು ಅರಮನೆ ಆವರಣದಲ್ಲಿ ನಡೆಯಿತು. ಸುಸ್ಥಿರತೆಯೇ ಅದರ ಘೋಷವಾಕ್ಯ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ರಾಜ್ಯದಲ್ಲಿ ಅದು ನಡೆದದ್ದು ಸರಿಯೇ.

ಊರಿಗೆ ಬಂದು ಹೇಳುವ ಖರ್ಚು

2018ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಶಾರ್ಲೆಟ್ ಚಾಂಗ್, ಕೃತಿ ಕಾರಂತ್, ಪಾಲ್ ರಾಬಿನ್ಸ್ ಅದರ ಲೇಖಕರು. ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ 61 ಕಾಫಿ ತೋಟಗಳಲ್ಲಿ ಕಾಡನ್ನೇ ನೆಚ್ಚಿದ 79 ಜಾತಿಯ ಹಕ್ಕಿಗಳನ್ನು ಅವರು ಕಂಡರು. ರೋಬಸ್ಟಾ ತೋಟ ಎಂದರೆ ಹಕ್ಕಿಗಳಿಗೆ ಬರಡು ಎಂಬ ಎಣಿಕೆ ನಿಜವಾಗಲಿಲ್ಲ. ನೆರಳು ಉಳಿಸಿಕೊಂಡ ತೋಟದಲ್ಲಿ ಎರಡೂ ಬಗೆಯ ಕಾಫಿ ಹಕ್ಕಿಗೆ ಆಸರೆಯೇ. ಮರಗಸಿಯ ಕಾಲದಲ್ಲಿ ಯಾವ ಕೊಂಬೆ ಇಳಿಸಬೇಕು, ಯಾವುದು ಬಿಡಬೇಕು ಎಂದು ತೋಟದಲ್ಲಿ ನಿಂತು ಲೆಕ್ಕ ಹಾಕುವವರಿಗೆ ಇದು ನೇರವಾಗಿ ಬೇಕಾದ ಸುದ್ದಿ. ಅದು ಅಚ್ಚಾದದ್ದು ಇಂಗ್ಲಿಷಿನಲ್ಲಿ, ವಿಜ್ಞಾನಿಗಳು ಓದುವ ಪತ್ರಿಕೆಯಲ್ಲಿ.

ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಗಾಡ್ಗೀಳ್, ಕಸ್ತೂರಿರಂಗನ್ ವರದಿಗಳ ಕಾಲದಿಂದ ಈ ಕಡೆ ಜೀಪಿನಿಂದ ಜಿಪಿಎಸ್ ಹಿಡಿದು ಇಳಿದವರನ್ನು ಕಂಡರೆ ಅನುಮಾನ ಸಹಜ. ಅಳತೆ ಮಾಡಿಕೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ಪ್ರತಿ ತೋಟದ ಭೌಗೋಳಿಕ ಸ್ಥಾನದ ವಿವರವನ್ನೇ ಕೇಳುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವಂತಿಲ್ಲ. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋದರೂ ಆ ವಿವರ ಕೊಡದೆ ವಿಧಿಯಿಲ್ಲ. ಎರಡು ಎಕರೆಯ ಬೆಳೆಗಾರ ಒಪ್ಪಿ ಗೇಟು ತೆಗೆಯಬೇಕಾದರೆ ಹಿಂದೆ ಬಂದವರು ಏನು ಹೇಳಿ ಹೋದರು ಎಂಬುದು ಲೆಕ್ಕಕ್ಕೆ ಬರುತ್ತದೆ.

ವಿಜ್ಞಾನಿಗಳ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಕೇಂದ್ರ ವಿಜ್ಞಾನ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿದೆ. ಅದನ್ನು ಶಾಲೆಯೊಂದರಲ್ಲಿ ಒಂದು ಭಾಷಣ, ಒಂದು ಫೋಟೊದಲ್ಲಿ ಮುಗಿಸಿಬಿಡುವುದು ಸುಲಭ. ಅದರ ಬದಲು ಬಜೆಟ್ ಪುಟದಲ್ಲೇ ಇನ್ನೊಂದು ಸಾಲು ಬರೆಯಬಹುದು: ಕನ್ನಡದಲ್ಲಿ ನಾಲ್ಕು ಪುಟದ ವರದಿ, ಬಾಳೂರು, ಕೊಟ್ಟಿಗೆಹಾರ, ಕಳಸದಲ್ಲಿ ಒಂದೊಂದು ಸಭೆ, ಚಹಾ, ಜೀಪಿನ ಬಾಡಿಗೆ. ಒಬ್ಬರ ವಿಮಾನದ ಟಿಕೆಟ್ಟಿನ ಹಣದಲ್ಲಿ ಇದೆಲ್ಲ ಆಗುತ್ತದೆ. ಸಭೆಯ ದಿನಾಂಕ ಮಾತ್ರ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಇಡಬಾರದು, ಕೊಯ್ಲು ಬಿಟ್ಟು ಯಾರೂ ಬರುವುದಿಲ್ಲ.