ತೋಟದಲ್ಲಿ ಓಡುವ ಪುಟ್ಟ ಉಗಿಬಂಡಿ ಬರೀ ಆಟಿಕೆಯೇ?

ಮೊಣಕಾಲೆತ್ತರದ ಉಗಿಬಂಡಿಯೊಂದು ಬುಸುಗುಡುತ್ತಾ ಓಡುತ್ತದೆ. ಹಿಂದಿನ ಪುಟ್ಟ ಬೋಗಿಗಳ ಮೇಲೆ ಏಳೆಂಟು ಜನ ಕೂತಿರುತ್ತಾರೆ. ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ಜೊತೆಗೆ ಎರಡು ಮಾತುಗಳೂ ಕೇಳಿಬರುತ್ತವೆ. 'ಒಳಗೆ ಬ್ಯಾಟರಿ ಇದೆ, ಹೊಗೆ ಬರೀ ತೋರಿಕೆಗೆ' ಎನ್ನುವುದು ಒಂದು. 'ಆಟಿಕೆ ತಾನೇ, ಮಕ್ಕಳನ್ನು ಹತ್ತಿರ ಬಿಟ್ಟರೆ ಏನಾಗುತ್ತದೆ' ಎನ್ನುವುದು ಇನ್ನೊಂದು. ಎರಡನ್ನೂ ಪರಿಶೀಲಿಸೋಣ.

ಹೊಗೆ ತೋರಿಕೆಗೆ ಮಾತ್ರವೇ?

ಕೆಲವು ಮಾದರಿ ರೈಲುಗಳು ಕರೆಂಟಿನಿಂದ ಓಡುತ್ತವೆ, ಎಣ್ಣೆ ಕಾಯಿಸಿ ಹೊಗೆ ಬಿಡುತ್ತವೆ. ಆದರೆ 'ಲೈವ್ ಸ್ಟೀಮ್' ಎಂದು ಕರೆಯುವ ಮಾದರಿಗಳು ಹಾಗಲ್ಲ. ಗ್ಯಾಸ್, ಸ್ಪಿರಿಟ್ ಅಥವಾ ಕಲ್ಲಿದ್ದಲಿನ ಬೆಂಕಿ, ನೀರು ತುಂಬಿದ ಬಾಯ್ಲರ್, ಪಿಸ್ಟನ್ ಎಲ್ಲವೂ ಅವುಗಳಲ್ಲಿ ನಿಜವಾಗಿಯೇ ಇರುತ್ತವೆ. ಹೂಗಿಡಗಳ ನಡುವೆ ಓಡುವ ಚಿಕ್ಕ ಬಂಡಿಗಳ ಹಳಿಯ ಅಗಲ ಹೆಚ್ಚಾಗಿ 32 ಅಥವಾ 45 ಮಿಲಿಮೀಟರ್. ಜನರನ್ನು ಹೊರುವ ಬಂಡಿಗಳಿಗೆ 127 ಅಥವಾ 184 ಮಿಲಿಮೀಟರ್ ಹಳಿ ಸಾಮಾನ್ಯ. ಲೋಹದ ಚಕ್ರ ಲೋಹದ ಹಳಿಯ ಮೇಲೆ ಉರುಳುವಾಗ ತಡೆ ತುಂಬಾ ಕಡಿಮೆ. ಅದಕ್ಕೇ ಅಷ್ಟು ಸಣ್ಣ ಎಂಜಿನ್ ಅಷ್ಟು ಜನರನ್ನು ಎಳೆಯುತ್ತದೆ.

ಎಂಜಿನ್ ಚಿಕ್ಕದಾದರೆ ಅಪಾಯವೂ ಚಿಕ್ಕದೇ?

ನಮ್ಮ ಅಡುಗೆಮನೆಯ ಕುಕ್ಕರ್‌ನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು, ತಾಪ ಸುಮಾರು 120 ಡಿಗ್ರಿ ಸೆಲ್ಸಿಯಸ್. ಜನರನ್ನು ಎಳೆಯುವ ಮಾದರಿ ಎಂಜಿನ್‌ಗಳಲ್ಲಿ ಒತ್ತಡ ಸಾಮಾನ್ಯವಾಗಿ 5ರಿಂದ 7 ಬಾರ್. ಆ ಒತ್ತಡದಲ್ಲಿ ಹಬೆಯ ತಾಪ 160 ಡಿಗ್ರಿಯ ಆಸುಪಾಸು.

ಇದಕ್ಕೆ ವಾಲ್ಟ್ ಡಿಸ್ನಿಯ ರೈಲೇ ಉದಾಹರಣೆ. ಮಿಕ್ಕಿ ಮೌಸ್ ಖ್ಯಾತಿಯ ಡಿಸ್ನಿ 1950ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಂಗಳದಲ್ಲಿ 184 ಮಿಲಿಮೀಟರ್ ಹಳಿ ಹಾಕಿಸಿ, ಕಲ್ಲಿದ್ದಲಿನಿಂದ ಓಡುವ ಎಂಜಿನ್‌ಗೆ ಹೆಂಡತಿಯ ನೆನಪಾಗುವಂತೆ 'ಲಿಲಿ ಬೆಲ್' ಎಂದು ಹೆಸರಿಟ್ಟರು. ಮನೆಗೆ ಬಂದವರನ್ನು ಕೂರಿಸಿ ಸುತ್ತಿಸುವುದು ಅವರಿಗೆ ಖುಷಿ. 1953ರಲ್ಲಿ ಅತಿಥಿಯೊಬ್ಬರು ಓಡಿಸುತ್ತಿದ್ದಾಗ ರೈಲು ತಿರುವಿನಲ್ಲಿ ಹಳಿ ತಪ್ಪಿ, ಎಂಜಿನ್ನಿನ ಸೀಟಿ ಮುರಿಯಿತು. ಅಲ್ಲಿಂದ ಚಿಮ್ಮಿದ ಹಬೆಯಿಂದ ಐದು ವರ್ಷದ ಬಾಲಕಿಗೆ ಸುಟ್ಟಗಾಯವಾಯಿತು. ಡಿಸ್ನಿ ಆ ರೈಲನ್ನೇ ನಿಲ್ಲಿಸಿಬಿಟ್ಟರು.

ಹಬೆ ಅಷ್ಟೊಂದು ಸುಡುವುದೇಕೆ?

ಒಂದು ಗ್ರಾಂ ಕುದಿನೀರು ನಮ್ಮ ಮೈಯ ತಾಪಕ್ಕೆ ಇಳಿಯುವಾಗ ಸುಮಾರು 260 ಜೂಲ್ ಶಾಖ ಬಿಡುತ್ತದೆ. ಒಂದು ಗ್ರಾಂ ಹಬೆ ಚರ್ಮಕ್ಕೆ ತಾಗಿ ಬರೀ ನೀರಾಗುವಷ್ಟರಲ್ಲೇ ಸುಮಾರು 2,260 ಜೂಲ್ ಬಿಟ್ಟಿರುತ್ತದೆ! ಇನ್ನೊಂದು ವಿಷಯ: ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುವ ಬಿಳಿ ಮೋಡ ತಣಿದ ನೀರಿನ ಹನಿಗಳು. ಕೊಳವೆಯ ಬಾಯಿಗೂ ಆ ಮೋಡಕ್ಕೂ ನಡುವೆ ಖಾಲಿ ಕಾಣುವ ಜಾಗವೇ ಎಲ್ಲಕ್ಕಿಂತ ಬಿಸಿ.

ಹಾಗಾದರೆ ಇದನ್ನು ಓಡಿಸಬಾರದೇ?

ಧಾರಾಳವಾಗಿ ಓಡಿಸಬಹುದು, ಆದರೆ ಬಾಯ್ಲರ್ ಪರೀಕ್ಷೆ ಆಗಿರಬೇಕು. ಬ್ರಿಟನ್ನಿನ ಮಾದರಿ ಎಂಜಿನಿಯರಿಂಗ್ ಸಂಘಗಳಲ್ಲಿ ಹೊಸ ಬಾಯ್ಲರ್‌ಗೆ ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಎರಡು ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ಮುಂದಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟು. ತಣ್ಣೀರೇ ಏಕೆ? ಹಬೆ ತುಂಬಿದ ಬಾಯ್ಲರ್ ಒಡೆದರೆ ಸ್ಫೋಟವಾಗುತ್ತದೆ. ನೀರು ಹಬೆಯಂತೆ ಹಿಗ್ಗುವುದಿಲ್ಲ, ಆದ್ದರಿಂದ ಬಾಯ್ಲರ್ ಬಿರುಕುಬಿಟ್ಟರೂ ಬರೀ ಸೋರುತ್ತದೆ. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಕೂಡ ಇರಲೇಬೇಕು.

ನೋಡಲು ಹೋದಾಗ ನೆನಪಿಡಿ

• ಎಂಜಿನ್ ನಿಂತಿದ್ದರೂ ಮುಟ್ಟಬೇಡಿ. ಅದು ಬೇಗ ತಣಿಯುವುದಿಲ್ಲ.
• ಸೆಲ್ಫಿಗಾಗಿ ಚಿಮಣಿ, ಸೀಟಿ, ವಾಲ್ವ್‌ಗಳ ಮೇಲೆ ಬಗ್ಗಬೇಡಿ.
• ಬೋಗಿಯ ಮೇಲೆ ಕೂತಾಗ ಪಕ್ಕಕ್ಕೆ ವಾಲಬೇಡಿ, ಕಾಲು ಇಳಿಬಿಡಬೇಡಿ.
• ಸುಟ್ಟರೆ 20 ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಐಸ್ ಎರಡೂ ಬೇಡ. ಗಾಯ ದೊಡ್ಡದಿದ್ದರೆ, ಮುಖಕ್ಕೆ ತಾಗಿದ್ದರೆ ಅಥವಾ ಸುಟ್ಟಿರುವುದು ಮಗುವಿಗಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಒಟ್ಟಿನಲ್ಲಿ, ಇಂಥ ಎಲ್ಲ ರೈಲುಗಳ ಹೊಗೆಯೂ ನಕಲಿ ಎನ್ನುವುದು ತಪ್ಪು. ಚಿಕ್ಕದಾದ್ದರಿಂದ ಅಪಾಯವಿಲ್ಲ ಎನ್ನುವುದೂ ತಪ್ಪು. ಮುಂದಿನ ಸಲ ಈ ವಿಡಿಯೊ ಫಾರ್ವರ್ಡ್ ಮಾಡುವಾಗ ಇಷ್ಟನ್ನೂ ಜೊತೆಗೆ ಕಳಿಸಿ.